ಕುಂದೂಜ್ ಆಸ್ಪತ್ರೆಯ ಮೇಲಿನ ದಾಳಿ: ನಿಯಮ ಇತ್ತು, ನಿರ್ದೇಶಾಂಕವೂ ತಲುಪಿತ್ತು, ಹಾಗಾದರೆ ಹೊಣೆ ಯಾರದು?

ತುಂಗಾತೀರ (ಚರ್ಚೆ ಆರಂಭಿಸಿದವರು)

ಯುದ್ಧಭೂಮಿಯ ಆಸ್ಪತ್ರೆಯೊಂದರ ಮೇಲೆ ಬಾಂಬು ಬಿದ್ದ ಸುದ್ದಿ ಬಂದಾಗಲೆಲ್ಲ, ಯುದ್ಧದಲ್ಲಿ ಏನು ಮಾಡಬಾರದೆಂದು ಹೇಳುವ ಅಂತರರಾಷ್ಟ್ರೀಯ ಮಾನವೀಯ ಕಾನೂನು ಹಲ್ಲು ಕಿತ್ತ ಹಾವು ಎಂಬ ಮಾತು ಇಲ್ಲಿ ಕೇಳಿಬರುತ್ತದೆ. ಆ ಮಾತನ್ನು ಒಪ್ಪುವ ಅಥವಾ ತಳ್ಳಿಹಾಕುವ ಮೊದಲು, ಸಾಕಷ್ಟು ವಿವರ ಹೊರಬಂದಿರುವ ಒಂದೇ ಪ್ರಕರಣವನ್ನು ಹಿಡಿದು ನೋಡುವುದು ಲೇಸೆಂದು ತೋರಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

2015ರ ಸೆಪ್ಟೆಂಬರ್ 28ರಂದು ಉತ್ತರ ಅಫ್ಘಾನಿಸ್ತಾನದ ಕುಂದೂಜ್ ನಗರ ತಾಲಿಬಾನಿನ ವಶವಾಯಿತು. ಅಲ್ಲಿ 2011ರಿಂದ ಎಂಎಸ್‌ಎಫ್ ಎಂಬ ವೈದ್ಯರ ಸಂಘಟನೆಯು ಗಾಯಾಳುಗಳ ಚಿಕಿತ್ಸೆಗೆಂದೇ ಒಂದು ಆಸ್ಪತ್ರೆಯನ್ನು ನಡೆಸುತ್ತಿತ್ತು. ನಗರ ಬಿದ್ದ ಮರುದಿನ ಸಂಘಟನೆಯು ಆಸ್ಪತ್ರೆಯ ಜಿಪಿಎಸ್ ನಿರ್ದೇಶಾಂಕಗಳನ್ನು ಅಮೆರಿಕದ ಮತ್ತು ಅಫ್ಘಾನಿಸ್ತಾನದ ಅಧಿಕಾರಿಗಳಿಗೆ ಮತ್ತೊಮ್ಮೆ ಕಳುಹಿಸಿತು. ಅಮೆರಿಕದ ಸೇನೆಯು ದಾಳಿ ಮಾಡಬಾರದ ಸ್ಥಳಗಳೆಂದು ಇಟ್ಟುಕೊಂಡಿದ್ದ ಪಟ್ಟಿಯಲ್ಲಿಯೂ ಈ ಆಸ್ಪತ್ರೆ ಇತ್ತು. ಹೀಗಿದ್ದೂ ಅಕ್ಟೋಬರ್ 3ರ ನಸುಕಿನ 2 ಗಂಟೆ 8 ನಿಮಿಷಕ್ಕೆ ಅಮೆರಿಕದ ಎಸಿ-130 ಗನ್‌ಶಿಪ್ ವಿಮಾನವು ಆಸ್ಪತ್ರೆಯ ಮುಖ್ಯ ಕಟ್ಟಡದ ಮೇಲೆ ಗುಂಡು ಹಾರಿಸಲು ಆರಂಭಿಸಿತು. ಒಟ್ಟು 211 ಶೆಲ್‌ಗಳು ಹಾರಿದವು. ರೋಗಿಗಳು, ಸಿಬ್ಬಂದಿ, ರೋಗಿಗಳ ಜತೆಗಿದ್ದವರು ಸೇರಿ 42 ಮಂದಿ ಸತ್ತರು. ದಾಳಿ 29 ನಿಮಿಷ ನಡೆಯಿತೆಂದು ಸೇನೆ ಹೇಳಿದರೆ, ಒಂದು ಗಂಟೆಯಷ್ಟು ನಡೆಯಿತೆಂದು ಎಂಎಸ್‌ಎಫ್ ಹೇಳಿತು.

2016ರ ಏಪ್ರಿಲ್ ಕೊನೆಯಲ್ಲಿ ಸೇನೆಯು ತನ್ನ ತನಿಖೆಯ ವರದಿಯನ್ನು, ಹಲವು ಭಾಗಗಳಿಗೆ ಕಪ್ಪು ಬಳಿದು, ಪ್ರಕಟಿಸಿತು. ದಾಳಿಯಲ್ಲಿ ಪಾಲ್ಗೊಂಡವರು ತಮ್ಮ ಕಾದಾಟದ ನಿಯಮಗಳನ್ನೂ ಯುದ್ಧ ಕಾನೂನನ್ನೂ ಪಾಲಿಸಲಿಲ್ಲವೆಂದು ಆ ವರದಿಯೇ ಒಪ್ಪುತ್ತದೆ. ಆದರೆ ಆಸ್ಪತ್ರೆಯೆಂದು ತಿಳಿದು ಹೊಡೆದದ್ದಲ್ಲವಾದ್ದರಿಂದ ಇದು ಯುದ್ಧಾಪರಾಧವಲ್ಲ ಎಂಬುದು ಸೇನೆಯ ನಿಲುವು. 16 ಮಂದಿಯ ಮೇಲೆ ಆಡಳಿತಾತ್ಮಕ ಶಿಸ್ತು ಕ್ರಮ ಜರುಗಿತು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಕಾನೂನಿನ ಉಲ್ಲಂಘನೆಯನ್ನು ಒಪ್ಪಿಕೊಂಡ ಮೇಲೂ ಅಪರಾಧಿ ಯಾರೂ ಇಲ್ಲವೆಂದರೆ, ಆ ಕಾನೂನು ನಿಜಕ್ಕೂ ಯಾರನ್ನು ಕಟ್ಟಿಹಾಕುತ್ತದೆ ಎಂಬುದೇ ನನ್ನ ಪ್ರಶ್ನೆ.


ಹಳೆಯ ಸಿಗ್ನಲರ್

ಸೇನೆಯ ಸಂಪರ್ಕ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಆ ರಾತ್ರಿಯನ್ನು ಕಾಕ್‌ಪಿಟ್‌ನಿಂದ ನೋಡದೆ ತೀರ್ಪು ಕೊಡುವುದು ಸುಲಭವೆಂಬ ಕಾರಣಕ್ಕೆ ಕೆಲವು ವಿವರಗಳನ್ನು ಸೇರಿಸುತ್ತೇನೆ. ನೆಲದ ಮೇಲಿದ್ದ ಪಡೆಗೆ ತುರ್ತು ನೆರವು ಬೇಕೆಂಬ ಕರೆ ಬಂದದ್ದರಿಂದ ವಿಮಾನವು ನಿಗದಿತ ಸಮಯಕ್ಕಿಂತ ಒಂದು ಗಂಟೆಗೂ ಹೆಚ್ಚು ಮುಂಚೆಯೇ ಹೊರಟಿತು. ವಾಡಿಕೆಯ ಪೂರ್ವವಿವರಣೆ ನಡೆಯಲಿಲ್ಲ, ದಾಳಿ ನಿಷೇಧದ ಪಟ್ಟಿ ವಿಮಾನದ ವ್ಯವಸ್ಥೆಗೆ ಸೇರಲಿಲ್ಲ. ಹಾರಾಟದ ನಡುವೆ ವಿಡಿಯೊ ಮತ್ತು ಸಂದೇಶ ರವಾನೆಯ ಉಪಕರಣ ಕೈಕೊಟ್ಟಿತು. ನೆಲದಿಂದ ಕ್ಷಿಪಣಿಯ ಬೆದರಿಕೆ ಇದೆಯೆಂದು ವಿಮಾನ ದೂರ ಸರಿದಾಗ ಗುರಿ ಹಿಡಿಯುವ ಉಪಕರಣದ ನಿಖರತೆ ಕುಸಿಯಿತು. ಅಫ್ಘಾನ್ ಪಡೆ ಕೊಟ್ಟಿದ್ದ ನಿರ್ದೇಶಾಂಕವು ಅಲ್ಲಿನ ಗುಪ್ತಚರ ಇಲಾಖೆಯ ಕಟ್ಟಡದ್ದು, ಆಗ ಅದು ತಾಲಿಬಾನಿನ ಕೈಯಲ್ಲಿದೆಯೆಂದು ಹೇಳಲಾಗಿತ್ತು. ಅದನ್ನು ಯಂತ್ರಕ್ಕೆ ಹಾಕಿದಾಗ ತೋರಿದ್ದು ಬಯಲು. ಆಗ ಸಿಬ್ಬಂದಿಯು ಬಾಯಿಮಾತಿನ ವರ್ಣನೆಗೆ ಹೊಂದುವ, ಹತ್ತಿರದ ದೊಡ್ಡ ಕಟ್ಟಡವನ್ನು ಆರಿಸಿಕೊಂಡಿತು. ಆ ಕಟ್ಟಡವೇ ಆಸ್ಪತ್ರೆ.

ಇಷ್ಟನ್ನು ಹೇಳಿದ್ದು ಸಮರ್ಥನೆಗೆಂದಲ್ಲ. ಇದರ ನಂತರ ನಡೆದದ್ದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ವಿಮಾನವು ತನ್ನ ಮೊದಲಿನ ಸುತ್ತಿಗೆ ಮರಳಿದಾಗ ಅದೇ ನಿರ್ದೇಶಾಂಕ ಸರಿಯಾದ ಕಟ್ಟಡವನ್ನು ತೋರಿಸಿತು. ಆದರೂ ಸಿಬ್ಬಂದಿ ಯಂತ್ರವನ್ನು ಬಿಟ್ಟು ವರ್ಣನೆಯನ್ನೇ ನಂಬಿತು. ಗುಂಡು ಹಾರಿಸುವ ಸುಮಾರು ಒಂದು ನಿಮಿಷ ಮೊದಲು, ತಾನು ಹೊಡೆಯಲಿರುವ ಸ್ಥಳದ ನಿರ್ದೇಶಾಂಕವನ್ನು ಅಫ್ಘಾನಿಸ್ತಾನದ ಬಗ್ರಾಮ್ ನೆಲೆಯಲ್ಲಿದ್ದ ಅಮೆರಿಕದ ಕೇಂದ್ರ ಕಚೇರಿಗೆ ತಿಳಿಸಿತು. ಆ ಕಚೇರಿಯಲ್ಲಿ ನಿಷೇಧಿತ ಪಟ್ಟಿ ಇತ್ತು. ಬಂದ ಅಂಕಿಯನ್ನು ಪಟ್ಟಿಯ ಅಂಕಿಯೊಡನೆ ಯಾರೂ ಹೋಲಿಸಲಿಲ್ಲ. ನೆಲದ ಮೇಲಿನ ಪಡೆಯ ನಾಯಕನಿಗೆ ಗುಪ್ತಚರ ಕಟ್ಟಡವೂ ಕಾಣುತ್ತಿರಲಿಲ್ಲ, ಆಸ್ಪತ್ರೆಯೂ ಕಾಣುತ್ತಿರಲಿಲ್ಲ. ಮುಂದೆ, ದಾಳಿ ಶುರುವಾದ ಹನ್ನೆರಡು ನಿಮಿಷದ ಒಳಗೇ ಎಂಎಸ್‌ಎಫ್ ದೂರವಾಣಿ ಮಾಡಿ ತನ್ನ ಮೇಲೆ ದಾಳಿಯಾಗುತ್ತಿದೆಯೆಂದು ಹೇಳಿತು. ಆ ಮಾತು ತಪ್ಪಿನ ಅರಿವಾಗಿ ಮಾರ್ಪಡಲು ಕಚೇರಿಯಲ್ಲಿ ಗಡಿಯಾರ 2 ಗಂಟೆ 37 ನಿಮಿಷ ತೋರಿಸುವವರೆಗೆ ಕಾಯಬೇಕಾಯಿತು. ಸಂದೇಶ ಬಂದು ಸೇರುವುದು ಸಂಪರ್ಕ ವಿಭಾಗದ ಕೆಲಸ. ಬಂದದ್ದನ್ನು ಓದಿ, ಅದಕ್ಕೆ ತಕ್ಕಂತೆ ಆದೇಶ ಕೊಡುವುದು ಕಮಾಂಡಿನ ಕೆಲಸ, ಮತ್ತು ಆ ರಾತ್ರಿ ಸೋತದ್ದು ಅದೇ.


ಕಾನೂನು ಓದುಗ

ಮೇಲಿನ ಎರಡು ಬರಹಗಳ ನಡುವೆಯೇ ಕಾನೂನಿನ ಗಂಟು ಇದೆ. ಮೊದಲಿಗೆ ಯಾವ ನಿಯಮ ಅನ್ವಯಿಸುತ್ತದೆಂದು ನೋಡೋಣ. 2015ರ ಹೊತ್ತಿಗೆ ಅಫ್ಘಾನಿಸ್ತಾನದಲ್ಲಿ ನಡೆಯುತ್ತಿದ್ದದ್ದು ಎರಡು ದೇಶಗಳ ನಡುವಿನ ಯುದ್ಧವಲ್ಲ. ಒಂದು ಸರ್ಕಾರ, ಅದರ ಮಿತ್ರಪಡೆಗಳು ಮತ್ತು ಒಂದು ಸಶಸ್ತ್ರ ಗುಂಪಿನ ನಡುವಿನ ಸಂಘರ್ಷ. ಆದ್ದರಿಂದ ಯುದ್ಧದಲ್ಲಿ ಗಾಯಾಳು, ಸೆರೆಯಾಳು, ನಾಗರಿಕರನ್ನು ರಕ್ಷಿಸುವ ನಾಲ್ಕು ಜಿನೀವಾ ಒಪ್ಪಂದಗಳ ಬಹುಭಾಗ ನೇರವಾಗಿ ಅನ್ವಯಿಸದೆ, ಆ ನಾಲ್ಕರಲ್ಲೂ ಒಂದೇ ಆಗಿರುವ 3ನೆಯ ವಿಧಿ, ಅವುಗಳಿಗೆ 1977ರಲ್ಲಿ ಸೇರಿಸಿದ ಎರಡನೆಯ ಹೆಚ್ಚುವರಿ ಪ್ರೋಟೋಕಾಲ್ ಮತ್ತು ದೇಶಗಳ ನಡವಳಿಕೆಯಿಂದ ಬೆಳೆದ ರೂಢಿಗತ ಕಾನೂನು ಮುಂದೆ ಬರುತ್ತವೆ. ಆ ಪ್ರೋಟೋಕಾಲಿಗೆ ಅಫ್ಘಾನಿಸ್ತಾನ 2009ರಲ್ಲಿ ಸೇರಿತು. ಅಮೆರಿಕ ಸಹಿ ಹಾಕಿದರೂ ಅನುಮೋದಿಸಿಲ್ಲ. ಹಾಗಿದ್ದರೂ ಆಸ್ಪತ್ರೆಗಳನ್ನು ಗೌರವಿಸಿ ರಕ್ಷಿಸಬೇಕೆಂಬ ನಿಯಮ ಎಲ್ಲರನ್ನೂ ಕಟ್ಟುವ ರೂಢಿಗತ ಕಾನೂನಾಗಿದೆ, ಅಮೆರಿಕವೂ ಅದನ್ನು ಅಲ್ಲಗಳೆದಿಲ್ಲ. ಆಸ್ಪತ್ರೆಯನ್ನು ತನ್ನ ಕೆಲಸದ ಆಚೆಗೆ, ಶತ್ರುವಿಗೆ ಹಾನಿಮಾಡಲು ಬಳಸಿದರೆ ಮಾತ್ರ ಅದರ ರಕ್ಷಣೆ ತಪ್ಪುತ್ತದೆ; ಆಗಲೂ ಮೊದಲು ಎಚ್ಚರಿಕೆ ಕೊಟ್ಟು, ಸಾಧ್ಯವಿದ್ದಲ್ಲೆಲ್ಲ ಕಾಲಾವಕಾಶ ನೀಡಿ, ಆ ಎಚ್ಚರಿಕೆಗೆ ಬೆಲೆ ಸಿಗದಿದ್ದಾಗ ಮಾತ್ರ. ಕುಂದೂಜ್‌ನಲ್ಲಿ ಯಾವ ಎಚ್ಚರಿಕೆಯೂ ಹೋಗಲಿಲ್ಲ.

ಎರಡನೆಯದು ಮುನ್ನೆಚ್ಚರಿಕೆಯ ಕರ್ತವ್ಯ. ದಾಳಿ ಮಾಡುವವನು ತನ್ನ ಗುರಿ ಸೇನಾ ಗುರಿಯೇ ಎಂಬುದನ್ನು ಪರಿಶೀಲಿಸಲು ಕಾರ್ಯಸಾಧ್ಯವಾದ ಎಲ್ಲವನ್ನೂ ಮಾಡಬೇಕು. ಅಲ್ಲವೆಂದು ತಿಳಿದ ಕೂಡಲೆ ದಾಳಿಯನ್ನು ನಿಲ್ಲಿಸಬೇಕು. ಸಿಗ್ನಲರ್ ಅವರು ಕೊಟ್ಟ ವಿವರಗಳನ್ನು ಈ ಕರ್ತವ್ಯದ ಎದುರು ಇಟ್ಟರೆ ಉಲ್ಲಂಘನೆ ಸ್ಪಷ್ಟವಾಗಿಯೇ ಇದೆ. ಆದರೆ ರಾಜ್ಯದ ಉಲ್ಲಂಘನೆಗೂ ವ್ಯಕ್ತಿಯ ಅಪರಾಧಕ್ಕೂ ಅಂತರವಿದೆ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ರೋಮ್ ಶಾಸನವು ಆಸ್ಪತ್ರೆಗಳ ಮೇಲೆ ಉದ್ದೇಶಪೂರ್ವಕವಾಗಿ ದಾಳಿಯನ್ನು ನಿರ್ದೇಶಿಸುವುದನ್ನು ಯುದ್ಧಾಪರಾಧವೆನ್ನುತ್ತದೆ, ಮತ್ತು ವಾಸ್ತವಾಂಶದ ತಪ್ಪು ತಿಳಿವಳಿಕೆಯು ಉದ್ದೇಶವನ್ನು ಅಳಿಸುವುದಾದರೆ ಅಪರಾಧವೂ ಅಳಿಯುತ್ತದೆನ್ನುತ್ತದೆ. ಇನ್ನೊಂದು ಕಡೆ, ಬೋಸ್ನಿಯಾದ ಸರಾಯೆವೊ ನಗರದ ಮುತ್ತಿಗೆಗೆ ಸಂಬಂಧಿಸಿದ ಗಾಲಿಚ್ ಎಂಬ ಸೇನಾಧಿಕಾರಿಯ ಪ್ರಕರಣದಲ್ಲಿ ಹಿಂದಿನ ಯುಗೊಸ್ಲಾವಿಯದ ನ್ಯಾಯಮಂಡಳಿಯು 2003ರಲ್ಲಿ, ನಾಗರಿಕರ ಮೇಲಿನ ದಾಳಿಯ ವಿಷಯದಲ್ಲಿ ಪರಿಣಾಮವನ್ನು ಲೆಕ್ಕಿಸದ ದುಡುಕುತನವೂ ಅಪರಾಧದ ಮನಃಸ್ಥಿತಿಗೆ ಸಾಕು, ಬರಿಯ ಅಜಾಗರೂಕತೆ ಸಾಲದು ಎಂದಿತು. ಬಯಲನ್ನು ತೋರಿಸಿದ ನಿರ್ದೇಶಾಂಕವನ್ನು ಬದಿಗಿಟ್ಟು, ಗುಂಡು ಹಾರದ, ದೀಪ ಉರಿಯುತ್ತಿದ್ದ ಕಟ್ಟಡವೊಂದನ್ನು ಕಣ್ಣಂದಾಜಿನಿಂದ ಆರಿಸುವುದು ಇವೆರಡರಲ್ಲಿ ಯಾವುದು? ನನ್ನ ದೃಷ್ಟಿಯಲ್ಲಿ ಅದು ದುಡುಕುತನದ ಗೆರೆಗೆ ಬಹಳ ಹತ್ತಿರವಿದೆ, ಮತ್ತು ಅದನ್ನು ತೀರ್ಮಾನಿಸಬೇಕಾದದ್ದು ಒಂದು ನ್ಯಾಯಾಲಯ, ಪತ್ರಿಕಾಗೋಷ್ಠಿಯಲ್ಲ.


ಶುಶ್ರೂಷಕಿ

ನನ್ನದು ಆಸ್ಪತ್ರೆಯ ಕಡೆಯ ಮಾತು. ದಾಳಿಯ ಬಳಿಕ ಅಫ್ಘಾನ್ ಸರ್ಕಾರದ ಕೆಲವರು ಆಸ್ಪತ್ರೆಯೊಳಗೆ ತಾಲಿಬಾನ್ ಹೋರಾಟಗಾರರು ಇದ್ದರೆಂದು ಹೇಳಿ, ಅದೇ ದಾಳಿಗೆ ಸಮರ್ಥನೆಯೆಂಬಂತೆ ಮಾತನಾಡಿದ್ದರು. ಇದ್ದದ್ದು ನಿಜ, ಗಾಯಾಳುಗಳಾಗಿ. ದಾಳಿಯ ರಾತ್ರಿ ಒಳಗಿದ್ದ 105 ರೋಗಿಗಳಲ್ಲಿ ಸುಮಾರು 20 ಮಂದಿ ತಾಲಿಬಾನ್ ಕಡೆಯವರು, ಮೂರೋ ನಾಲ್ಕೋ ಮಂದಿ ಸರ್ಕಾರಿ ಪಡೆಯವರು ಎಂದು ಎಂಎಸ್‌ಎಫ್ ತನ್ನ ಆಂತರಿಕ ಪರಿಶೀಲನೆಯಲ್ಲಿ ಅಂದಾಜಿಸಿ ಬಹಿರಂಗವಾಗಿಯೇ ಹೇಳಿತು. ಗಾಯಗೊಂಡು ಹಾಸಿಗೆ ಹಿಡಿದವನು ಯಾವ ಸಮವಸ್ತ್ರದವನಾದರೂ ಕಾದಾಟದಿಂದ ಹೊರಗಾದವನು. ಅವನಿಗೆ ಚಿಕಿತ್ಸೆ ಕೊಡುವುದರಿಂದ ಆಸ್ಪತ್ರೆ ಯಾರ ಪಕ್ಷವನ್ನೂ ಸೇರುವುದಿಲ್ಲ. ಆವರಣದೊಳಗೆ ಆಯುಧ ತರಬಾರದೆಂಬ ನಿಯಮ ಜಾರಿಯಲ್ಲಿತ್ತು, ಒಳಗಿನಿಂದ ಯಾರೂ ಗುಂಡು ಹಾರಿಸುತ್ತಿರಲಿಲ್ಲವೆಂದೂ ಆ ಪರಿಶೀಲನೆ ಹೇಳುತ್ತದೆ.

ಇದೇ ಆಸ್ಪತ್ರೆಗೆ 2015ರ ಜುಲೈ 1ರಂದು ಅಫ್ಘಾನ್ ವಿಶೇಷ ಪಡೆಯವರು ಆಯುಧ ಹಿಡಿದು ನುಗ್ಗಿದ್ದರು ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಎತ್ತಿಲ್ಲ. ಶತ್ರುವಿಗೂ ಮದ್ದು ಹಾಕುವ ಜಾಗದ ಬಗ್ಗೆ ಆ ಪಡೆಗಳಲ್ಲಿ ಯಾವ ಭಾವನೆ ಬೆಳೆದಿತ್ತು ಎಂಬುದನ್ನು ಕೇಳದೆ, ಗುರಿಯ ವರ್ಣನೆ ಅವರ ಬಾಯಿಂದ ಹೇಗೆ ಬಂತು ಎಂಬುದು ಪೂರ್ತಿ ಅರ್ಥವಾಗದು. ಅವರು ಬೇಕೆಂದೇ ಆಸ್ಪತ್ರೆಯನ್ನು ತೋರಿಸಿದರೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಪುರಾವೆಯಿಲ್ಲ. ಆದರೆ ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ತಪ್ಪನ್ನು ತಾನೇ ತನಿಖೆ ಮಾಡಿದಾಗ, ಮಾಹಿತಿ ಕೊಟ್ಟ ಪಾಲುದಾರ ಪಡೆಯ ಹೊಣೆಯ ಪ್ರಶ್ನೆ ಬದಿಗೆ ಸರಿಯುವುದು ಸಹಜವಲ್ಲವೇ?


ಅರಬ್ಬಿ ತೀರ

ನೀವೆಲ್ಲರೂ ಕಾನೂನಿನ ಸೂಕ್ಷ್ಮಗಳಲ್ಲಿ ಮುಳುಗಿರುವಾಗ ಒರಟಾಗಿ ಹೇಳಬೇಕಾದ್ದನ್ನು ನಾನು ಹೇಳುತ್ತೇನೆ. ಎಂಎಸ್‌ಎಫ್ ಸ್ವತಂತ್ರ ತನಿಖೆಯನ್ನೇ ಕೇಳಿತ್ತು. ಮೊದಲ ಹೆಚ್ಚುವರಿ ಪ್ರೋಟೋಕಾಲಿನ 90ನೆಯ ವಿಧಿಯಡಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮಾನವೀಯ ಸತ್ಯಶೋಧನಾ ಆಯೋಗ 1991ರಿಂದ ಅಸ್ತಿತ್ವದಲ್ಲಿತ್ತು, ಅಷ್ಟು ಕಾಲವೂ ಕೆಲಸವಿಲ್ಲದೆ ಕುಳಿತಿತ್ತು. ಆಯೋಗವು ತನ್ನ ಸೇವೆಯನ್ನು ನೀಡಲು ಮುಂದೆ ಬಂದಿತು, ಅಮೆರಿಕ ಮತ್ತು ಅಫ್ಘಾನಿಸ್ತಾನ ಒಪ್ಪಿಗೆ ಕೊಡಲಿಲ್ಲ, ಅಲ್ಲಿಗೆ ವಿಷಯ ಮುಗಿಯಿತು. ಆರೋಪಿಯ ಒಪ್ಪಿಗೆಯಿಲ್ಲದೆ ಪಂಚನಾಮೆ ಬರೆಯಲಾಗದ ಠಾಣೆಯನ್ನು ನಾವು ಠಾಣೆಯೆಂದು ಕರೆಯುತ್ತೇವೆಯೇ?

ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಕಥೆಯೂ ಅಷ್ಟೇ. ಅಫ್ಘಾನಿಸ್ತಾನ 2003ರಲ್ಲಿ ಅದರ ಸದಸ್ಯನಾದ್ದರಿಂದ ಆ ನೆಲದ ಮೇಲೆ ನಡೆದ ಅಪರಾಧಗಳ ಮೇಲೆ, ಮಾಡಿದವನು ಯಾವ ದೇಶದವನಾದರೂ, ಅದಕ್ಕೆ ಅಧಿಕಾರವ್ಯಾಪ್ತಿ ಇತ್ತು. 2017ರ ನವೆಂಬರ್‌ನಲ್ಲಿ ಅಭಿಯೋಜಕಿ ಫತೂ ಬೆನ್ಸೂಡಾ ತನಿಖೆಗೆ ಅನುಮತಿ ಕೇಳಿದರು. 2019ರ ಏಪ್ರಿಲ್‌ನಲ್ಲಿ ಕೆಳಗಿನ ಪೀಠ ತಿರಸ್ಕರಿಸಿತು. 2020ರ ಮಾರ್ಚ್‌ನಲ್ಲಿ ಮೇಲ್ಮನವಿ ಪೀಠ ಅನುಮತಿ ಕೊಟ್ಟಿತು. ಅದೇ ವರ್ಷ ಅಮೆರಿಕ ಆ ಅಭಿಯೋಜಕಿಯ ಮೇಲೆಯೇ ನಿರ್ಬಂಧ ಹೇರಿತು. 2021ರ ಸೆಪ್ಟೆಂಬರ್‌ನಲ್ಲಿ ಅವರ ಉತ್ತರಾಧಿಕಾರಿ ಕರೀಂ ಖಾನ್, ತಾಲಿಬಾನ್ ಮತ್ತು ಇಸ್ಲಾಮಿಕ್ ಸ್ಟೇಟ್ ಗುಂಪಿನ ಕೃತ್ಯಗಳಿಗೆ ಆದ್ಯತೆ ಕೊಟ್ಟು ಉಳಿದ ತನಿಖೆಯನ್ನು ಹಿಂದಕ್ಕೆ ಸರಿಸುವುದಾಗಿ ಹೇಳಿದರು. ಬಲಾಢ್ಯರಿಗೆ ಒಂದು ಕಾನೂನು, ಉಳಿದವರಿಗೆ ಇನ್ನೊಂದು ಎಂಬ ಭಾವನೆ ಹುಟ್ಟಲು ಇದಕ್ಕಿಂತ ಏನು ಬೇಕು?


ಕಾನೂನು ಓದುಗ

ಅರಬ್ಬಿ ತೀರ ಅವರ ಸಿಟ್ಟು ನ್ಯಾಯವಾದದ್ದೇ. ಒಂದೆರಡು ತಿದ್ದುಪಡಿ ಬೇಕು. ಸತ್ಯಶೋಧನಾ ಆಯೋಗವು ಸಂಪೂರ್ಣ ನಿಷ್ಪ್ರಯೋಜಕವಲ್ಲ; 2017ರಲ್ಲಿ ಪೂರ್ವ ಉಕ್ರೇನಿನ ಲುಹಾನ್ಸ್ಕ್ ಪ್ರದೇಶದಲ್ಲಿ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ವೀಕ್ಷಕರ ವಾಹನ ಸ್ಫೋಟಗೊಂಡಾಗ, ಆ ಸಂಘಟನೆಯ ಕೋರಿಕೆಯ ಮೇರೆಗೆ ಅದು ತನಿಖೆ ನಡೆಸಿತು. ಅಲ್ಲಿಯೂ ಕೆಲಸ ಸಾಧ್ಯವಾದದ್ದು ಒಪ್ಪಂದದ ಮೂಲಕವೇ ಎಂಬುದು ನಿಮ್ಮ ವಾದವನ್ನು ಬಲಪಡಿಸುತ್ತದೆ, ಒಪ್ಪುತ್ತೇನೆ.

ಬಲಾಢ್ಯರ ಮಾತು ಬಂದಾಗ ನಮ್ಮ ಮನೆಯ ಕಡೆಗೂ ಒಮ್ಮೆ ನೋಡಬೇಕು. ಭಾರತವು ನಾಲ್ಕು ಜಿನೀವಾ ಒಪ್ಪಂದಗಳನ್ನು 1950ರಲ್ಲಿಯೇ ಅನುಮೋದಿಸಿತು, 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯಿದೆಯನ್ನು ತಂದಿತು. ಆದರೆ ಎರಡು ಹೆಚ್ಚುವರಿ ಪ್ರೋಟೋಕಾಲ್‌ಗಳಿಗೂ ರೋಮ್ ಶಾಸನಕ್ಕೂ ಭಾರತ ಸೇರಿಲ್ಲ. ಮೇಲಾಗಿ 1960ರ ಕಾಯಿದೆಯ 17ನೆಯ ಪ್ರಕರಣದ ಪ್ರಕಾರ ಸರ್ಕಾರವಾಗಲಿ, ಅದು ಗೊತ್ತುಪಡಿಸಿದ ಅಧಿಕಾರಿಯಾಗಲಿ ದೂರು ಕೊಡದೆ ನ್ಯಾಯಾಲಯವು ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಗೋವಾದ ಪಾದ್ರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲಿ, ಈ ಕಾಯಿದೆಯು ವ್ಯಕ್ತಿಗೆ ನ್ಯಾಯಾಲಯದ ಕದ ತಟ್ಟುವ ನಿರ್ದಿಷ್ಟ ಹಕ್ಕನ್ನು ಕೊಡುವುದಿಲ್ಲವೆಂದಿತು. ಸಂತ್ರಸ್ತನ ಕೈಗೆ ಕೀಲಿ ಕೊಡದ ಬಾಗಿಲುಗಳು ವಾಷಿಂಗ್ಟನ್ನಿನಲ್ಲಿ ಮಾತ್ರ ಇಲ್ಲ.


ತುಂಗಾತೀರ

ಎಲ್ಲರ ಬರಹಗಳನ್ನು ಓದಿದ ಮೇಲೆ ನನ್ನ ಪ್ರಶ್ನೆ ಬೇರೆ ರೂಪ ಪಡೆದಿದೆ. ಯುದ್ಧಾಪರಾಧದ ಕಾನೂನು ಒಬ್ಬ ಮನುಷ್ಯನ ಮನಸ್ಸನ್ನು ಕೇಳುತ್ತದೆ: ಅವನಿಗೆ ಏನು ತಿಳಿದಿತ್ತು, ಅವನು ಏನನ್ನು ಬಯಸಿದ? ಕುಂದೂಜ್‌ನಲ್ಲಿ ತಿಳಿವಳಿಕೆಯೇ ತುಂಡುತುಂಡಾಗಿ ಹರಡಿತ್ತು. ಕಟ್ಟಡ ಆಸ್ಪತ್ರೆಯೆಂಬುದು ಬಗ್ರಾಮ್‌ನ ಪಟ್ಟಿಗೆ ತಿಳಿದಿತ್ತು, ಗುಂಡಿ ಒತ್ತುವ ಕೈಗೆ ತಿಳಿದಿರಲಿಲ್ಲ. ಕಟ್ಟಡದಿಂದ ಯಾವ ಗುಂಡೂ ಹಾರುತ್ತಿಲ್ಲವೆಂಬುದು ವಿಮಾನದಲ್ಲಿದ್ದವರಿಗೆ ಕಾಣುತ್ತಿತ್ತು, ದಾಳಿಗೆ ಆದೇಶ ಕೊಟ್ಟವನಿಗೆ ಕಾಣುತ್ತಿರಲಿಲ್ಲ. ಸೇನೆ ಎಂಬ ಸಂಸ್ಥೆಯನ್ನು ಒಟ್ಟಾಗಿ ನೋಡಿದರೆ ಅದಕ್ಕೆ ಎಲ್ಲವೂ ಗೊತ್ತಿತ್ತು. ಒಬ್ಬೊಬ್ಬರನ್ನಾಗಿ ಬಿಡಿಸಿದರೆ ಯಾರಿಗೂ ಸಾಕಷ್ಟು ಗೊತ್ತಿರಲಿಲ್ಲ. ದಾಳಿಯ ಕೆಲಸವನ್ನು ಸೆನ್ಸರ್, ಪರದೆ, ಪಾಲುದಾರ ಪಡೆ, ಕೇಂದ್ರ ಕಚೇರಿ ಎಂದು ಹಂಚಿದಷ್ಟೂ ಉದ್ದೇಶವನ್ನು ಸಾಬೀತು ಮಾಡುವುದು ಕಷ್ಟವಾಗುತ್ತದೆ, ಮತ್ತು ಇಂದಿನ ಯುದ್ಧಗಳು ನಡೆಯುವುದೇ ಹೀಗೆ.

2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಅಮೆರಿಕ ನಡೆಸಿದ ಡ್ರೋನ್ ದಾಳಿ ಇದೇ ದಾರಿಯಲ್ಲಿ ಸಾಗಿತು. ಏಳು ಮಕ್ಕಳು ಸೇರಿ ಹತ್ತು ನಾಗರಿಕರು ಸತ್ತರು. ಮೊದಲು ನ್ಯಾಯಯುತ ದಾಳಿಯೆಂದು ಬಣ್ಣಿಸಿದವರು, ಪತ್ರಕರ್ತರು ವಿಷಯವನ್ನು ಬಯಲಿಗೆಳೆದ ಮೇಲೆ, ಮೂರು ವಾರದೊಳಗೆ ದುರಂತಕಾರಿ ತಪ್ಪೆಂದು ಒಪ್ಪಿಕೊಂಡರು. ಅಲ್ಲಿ ಕಾನೂನಿನ ಉಲ್ಲಂಘನೆಯೇ ಕಂಡುಬಂದಿಲ್ಲವೆಂದು ವಿಚಾರಣೆ ಹೇಳಿತು, ಅಲ್ಲಿಯೂ ಯಾರಿಗೂ ಶಿಕ್ಷೆಯಾಗಲಿಲ್ಲ. 2022ರ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ ನಾಗರಿಕ ಹಾನಿಯನ್ನು ತಗ್ಗಿಸುವ ಒಂದು ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಕುಂದೂಜ್‌ನಲ್ಲಿ ಮಡಿದವರ ಕುಟುಂಬಗಳಿಗೆ ಕೊಟ್ಟದ್ದು 6,000 ಡಾಲರ್, ಗಾಯಗೊಂಡವರಿಗೆ 3,000 ಡಾಲರ್. ಅದೂ ಪರಿಹಾರವೆಂದಲ್ಲ, ಸಂತಾಪದ ಹಣವೆಂದು. ಹೊಣೆಗಾರಿಕೆಯನ್ನು ಒಪ್ಪಿ ಕೊಡುವ ಪರಿಹಾರಕ್ಕೂ ಈ ಮೊತ್ತಕ್ಕೂ ಇರುವ ವ್ಯತ್ಯಾಸ ಆ ಕುಟುಂಬಗಳಿಗೆ ತಿಳಿಯದೇ ಇರಲಾರದು.


ಶುಶ್ರೂಷಕಿ

ಇದರ ಪರಿಣಾಮ ಆಸ್ಪತ್ರೆ ನಡೆಸುವವರ ಮೇಲೆ ಆದದ್ದನ್ನೂ ದಾಖಲಿಸಬೇಕು. ನಿರ್ದೇಶಾಂಕವನ್ನು ಹಂಚಿಕೊಂಡರೆ ರಕ್ಷಣೆ ಸಿಗುತ್ತದೆಂಬ ನಂಬಿಕೆಯೇ ಅಲುಗಾಡಿತು. 2016ರ ಫೆಬ್ರುವರಿಯಲ್ಲಿ ಎಂಎಸ್‌ಎಫ್ ಅಧ್ಯಕ್ಷೆ ಜೊಆನ್ ಲಿಯು, ಸಿರಿಯಾದಲ್ಲಿನ ಕೆಲವು ಆಸ್ಪತ್ರೆಗಳ ಸ್ಥಾನವನ್ನು ಅಲ್ಲಿನ ಸರ್ಕಾರಕ್ಕೂ ರಷ್ಯಕ್ಕೂ ತಿಳಿಸದಿರಲು ಸಿಬ್ಬಂದಿಯೇ ಕೇಳಿಕೊಂಡರೆಂದು ಹೇಳಿದರು. ರಕ್ಷಣೆಯ ಪಟ್ಟಿಯೇ ದಾಳಿಯ ಪಟ್ಟಿಯಾದೀತೆಂಬ ಭಯ ಅದು. ಆ ವರ್ಷದ ಮೇ 3ರಂದು ಭದ್ರತಾ ಮಂಡಳಿಯು ಯುದ್ಧಕಾಲದ ವೈದ್ಯಕೀಯ ಸೇವೆಯ ರಕ್ಷಣೆಗೆ 2286ನೆಯ ನಿರ್ಣಯವನ್ನು ಅಂಗೀಕರಿಸಿತು. ನಿರ್ಣಯ ಒಳ್ಳೆಯದೇ, ಅದರಲ್ಲಿ ಹೊಸ ನಿಯಮವೇನೂ ಇಲ್ಲ.


ಹಳೆಯ ಸಿಗ್ನಲರ್

ತುಂಗಾತೀರ ಅವರು ಹೇಳಿದ ಹಂಚಿಹೋದ ತಿಳಿವಳಿಕೆಯ ಮಾತು ನಿಜವಾದರೂ ಅದನ್ನು ನೆಪವಾಗಲು ಬಿಡಬಾರದು. ಪಟ್ಟಿಯನ್ನು ವಿಮಾನಕ್ಕೆ ಸೇರಿಸುವುದು, ಬಂದ ನಿರ್ದೇಶಾಂಕವನ್ನು ಹೋಲಿಸುವುದು, ಕರೆ ಬಂದಾಗ ಗುಂಡು ನಿಲ್ಲಿಸಲು ಹೇಳುವುದು, ಇವು ಒಂದೊಂದೂ ಯಾವುದೋ ಒಬ್ಬ ಅಧಿಕಾರಿಯ ಹೆಸರಿಗೆ ಬರೆದ ಕೆಲಸ. ಸೇನೆಯಲ್ಲಿ ಹೆಸರಿಲ್ಲದ ಕೆಲಸವೆಂಬುದಿಲ್ಲ. ಎಲ್ಲರೂ ಹೊಣೆಯೆಂದರೆ ಯಾರೂ ಹೊಣೆಯಲ್ಲವೆಂಬ ಮಾತು ಹೊರಗಿನವರಿಗೆ ಒಪ್ಪಿತವಾಗಬಹುದು, ಕರ್ತವ್ಯದ ಪಟ್ಟಿಯನ್ನು ನೋಡಿದವನಿಗೆ ಒಪ್ಪಿತವಾಗದು.


ಅರಬ್ಬಿ ತೀರ

ಹಾಗಾದರೆ ಮೇಲಧಿಕಾರಿಗಳನ್ನು ಹಿಡಿಯಬಹುದಲ್ಲ? ಅಧೀನದವರ ಅಪರಾಧವನ್ನು ತಿಳಿದಿರಬೇಕಾಗಿದ್ದ ಕಮಾಂಡರನೂ ಹೊಣೆಯೆಂಬ ತತ್ವ ರೋಮ್ ಶಾಸನದ 28ನೆಯ ವಿಧಿಯಲ್ಲಿಯೇ ಇದೆ. ಅಲ್ಲಿ ಉದ್ದೇಶ ಬೇಕಿಲ್ಲ.


ಕಾನೂನು ಓದುಗ

ಅಲ್ಲಿಯೂ ತೊಡಕಿದೆ. ಕಮಾಂಡರನ ಹೊಣೆ ಹುಟ್ಟುವುದು ಅಧೀನದವನು ಮಾಡಿದ ಅಪರಾಧದಿಂದ. ವಿಮಾನದ ಸಿಬ್ಬಂದಿಗೆ ಉದ್ದೇಶವಿರಲಿಲ್ಲ, ಆದ್ದರಿಂದ ಅದು ಅಪರಾಧವಲ್ಲವೆಂದ ಮೇಲೆ ಮೇಲಿನವನ ಅಜಾಗರೂಕತೆಗೆ ಜೋತುಬೀಳಲು ಕೊಂಬೆಯೇ ಉಳಿಯುವುದಿಲ್ಲ. ಅಂತರರಾಷ್ಟ್ರೀಯ ಕಾನೂನಿನ ಈ ಜಾಗ ನಿಜಕ್ಕೂ ಖಾಲಿ ಇದೆ.

ಸಿಗ್ನಲರ್ ಅವರ ಮಾತು ಸರಿಯಾದ ದಾರಿಯನ್ನು ತೋರಿಸುತ್ತದೆ. ಯುದ್ಧಾಪರಾಧವೆಂದು ಸಾಬೀತಾಗದಿದ್ದರೂ ಅಮೆರಿಕದ ಸೇನಾ ನ್ಯಾಯಸಂಹಿತೆಯಲ್ಲಿ 92ನೆಯ ವಿಧಿಯ ಪ್ರಕಾರ ಕರ್ತವ್ಯಲೋಪ ಶಿಕ್ಷಾರ್ಹ, ಅದಕ್ಕೆ ಅಜಾಗರೂಕತೆಯೇ ಸಾಕು. ಅಜಾಗರೂಕತೆಯಿಂದಾದ ನರಹತ್ಯೆಗೆ ಅದೇ ಸಂಹಿತೆಯಲ್ಲಿ ಬೇರೆ ಆರೋಪಗಳಿವೆ. ಉದ್ದೇಶವಿರಲಿಲ್ಲ ಎಂಬ ವಾದ ಅಲ್ಲಿ ಯಾರನ್ನೂ ಬಿಡಿಸುವುದಿಲ್ಲ. ಅಂದರೆ ಬಗ್ರಾಮ್‌ನಲ್ಲಿ ನಿರ್ದೇಶಾಂಕವನ್ನು ಹೋಲಿಸದ ಅಧಿಕಾರಿಯನ್ನೂ, ಕಾಣದ ಗುರಿಯ ಮೇಲೆ ದಾಳಿಗೆ ಹೇಳಿದವನನ್ನೂ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ, ಸಾಕ್ಷ್ಯವನ್ನು ಬಹಿರಂಗವಾಗಿ ತೂಗಲು ಅವಕಾಶವಿತ್ತು. ಬದಲಿಗೆ ಎಚ್ಚರಿಕೆಯ ಪತ್ರ, ಅಮಾನತು, ಕಮಾಂಡಿನಿಂದ ಬಿಡುಗಡೆ, ಮರುತರಬೇತಿಗಳನ್ನು ಆರಿಸಿಕೊಳ್ಳಲಾಯಿತು. ‘ಯುದ್ಧಾಪರಾಧವಲ್ಲ’ ಎಂಬ ಒಂದು ಉತ್ತರವನ್ನು ‘ಅಪರಾಧವೇ ಅಲ್ಲ’ ಎಂಬಂತೆ ಮಂಡಿಸಿದ್ದು ಸೇನೆ, ಅದನ್ನು ಹಾಗೆಯೇ ಸ್ವೀಕರಿಸಿದ್ದು ನಾವು.


ಹಳೆಯ ಸಿಗ್ನಲರ್

ನಮ್ಮ 1950ರ ಸೇನಾ ಕಾಯಿದೆಯಲ್ಲಿಯೂ 63ನೆಯ ಪ್ರಕರಣವಿದೆ. ಸುವ್ಯವಸ್ಥೆಗೂ ಶಿಸ್ತಿಗೂ ಭಂಗ ತರುವ ಯಾವುದೇ ಲೋಪವನ್ನು ಅದರಡಿ ವಿಚಾರಿಸಬಹುದು, ಉದ್ದೇಶವನ್ನು ಸಾಬೀತು ಮಾಡುವ ಹಂಗಿಲ್ಲ. ಕುಂದೂಜ್‌ನ 16 ಮಂದಿಯಲ್ಲಿ ಒಬ್ಬ ಜನರಲ್ ಹಂತದ ಅಧಿಕಾರಿಯೂ ಇದ್ದ. ಅಷ್ಟು ಮೇಲಿನವರೆಗೆ ಲೋಪ ಕಂಡ ತನಿಖೆ, ಒಂದು ಕೋರ್ಟ್ ಮಾರ್ಷಲ್ ಕೂಡ ಬೇಡವೆಂದು ತೀರ್ಮಾನಿಸಿದ್ದೇಕೆ ಎಂಬುದಕ್ಕೆ, ಪ್ರಕಟವಾದ ಆ ಪುಟಗಳಲ್ಲಿ ನನಗೆ ಒಪ್ಪುವ ಕಾರಣ ಸಿಗಲಿಲ್ಲ.